ಹೆಸರು ಹಿಡಿದು ಕರೆಯುವ ಆಟ

೧೨ ಜೂನ್ ೨೦೧೮

ರೊಟ್ಟಿ ಮುಗಿಸಿ, ಕುರಿದೊಡ್ಡಿ ಗುಡಿಸಿ, ನಾದಿನಿ ಸಿದ್ದಿಯ ಡಬ್ಬಿ ಕಟ್ಟಿ ಕಳಿಸಿದೆ. ಬೀದರ್ ಬಸ್ಸು ಇವತ್ತೂ ತುಂಬಿತ್ತು. ನಾದಿನಿ ಬಾಗಿಲಲ್ಲೇ ಜೋತುಬಿದ್ದು ಕೈ ಬೀಸಿದಳು. ಒಳಗೆ ಹೋಗೇ ಮಂಗ್ಯಾ, ಎಂದು ಬೈದೆ.

ಸಂಜೆ ಬಂದವಳು ಚೀಲದಿಂದ ಬಾಸ್ಕೆಟ್‌ಬಾಲ್ ತೆಗೆದಳು. ಶಾಲೆಯದು. ಪಿ.ಟಿ. ಕಲಿಸುವ ಮಾರ್ಗರೆಟ ಮೇಡಂ ಮನೆಗೆ ಕೊಟ್ಟು ಕಳಿಸಿದ್ದಾರೆ. ಎಂಟನೇ ಕ್ಲಾಸು, ಟೀಮಿನಲ್ಲಿ ಎಲ್ಲರಿಗಿಂತ ಸಣ್ಣವಳು... ಇವಳನ್ನೇ ಗಾರ್ಡ್ ಮಾಡಿದ್ದಾರಂತೆ!

"ಗಾರ್ಡ್ ಅಂದ್ರ ಏನ್ ಮಾಡಬೇಕ್ರಿ ವೈನಿ?"

"ಚೆಂಡು ಮುಂದ ತರಬೇಕು. ಯಾರು ಎಲ್ಲಿ ಓಡಬೇಕು, ಯಾರಿಗಿ ಕೊಡಬೇಕು, ಎಲ್ಲಾ ನೀನೇ ಹೇಳಬೇಕು. ನಮ್ಮ ಮನ್ಯಾಗ ಅತ್ತಿ ಹುಕುಂ ಮಾಡ್ತಾರಲ್ಲ, ಹಂಗ."

ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಒಳಗಿನಿಂದ ಅತ್ತೆ, "ಏ ಭಾಲ್ಕಿಯಾಕಿ, ಎಂಥಾ ನಗಿ ಅದು?" ಅಂದರು.

ಭಾಲ್ಕಿ ಹೈಸ್ಕೂಲಿನಲ್ಲಿ ನಾನೂ ಆಡಿದವಳೇ. ಫಾರ್ವರ್ಡ್. ಕಮಠಾಣಕ್ಕೆ ಸೊಸೆಯಾಗಿ ಬಂದು ಎರಡು ವರ್ಷವಾಯಿತು. ಇಲ್ಲಿ ಅದನ್ನು ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ. ಇವತ್ತು ಚೆಂಡು ಹಿಡಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಅಂಗಳದಲ್ಲಿ ಅರ್ಧ ಗಂಟೆ ಕುಣಿಸಿದೆ. ಕುರಿಗಳು ಬೆದರಿ ಮೂಲೆ ಸೇರಿದವು.

೩ ಜುಲೈ

ದಿನಾ ಬೆಳಿಗ್ಗೆ ಊರ ಶಾಲೆಯ ಮೈದಾನದಲ್ಲಿ ನಾವಿಬ್ಬರೇ. ಗಂಡನಿಗೆ ಗೊತ್ತು, ನಕ್ಕು ಸುಮ್ಮನಾಗುತ್ತಾರೆ. ಅತ್ತೆಗೆ ಹಾಲು ತರುವ ನೆವ.

ಹುಡುಗಿಯ ಕೈ ಚುರುಕು. ಚೆಂಡು ನೆಲಕ್ಕಂಟಿಕೊಂಡೇ ಓಡುತ್ತದೆ. ಕಸಿಯಲು ಹೋದರೆ ನನ್ನದೇ ಸೊಂಟ ಉಳುಕಬೇಕು. ಕಣ್ಣಂತೂ... ನಾನು ಎಲ್ಲಿಗೆ ಓಡುತ್ತೇನೆ ಎಂದು ನನಗಿಂತ ಮೊದಲು ಅವಳಿಗೆ ತಿಳಿಯುತ್ತದೆ.

ಬಾಯಿ ಮಾತ್ರ ದಂಡ. "ವೈನಿ, ಬಲಗಡಿ ಸರೀತೀರೇನ್ರಿ... ತಗೋರಿ ವೈನಿ..." ಮರ್ಯಾದೆ ಮುಗಿಯುವುದರಲ್ಲಿ ಚೆಂಡು ಗೋಡೆ ಮುಟ್ಟಿರುತ್ತದೆ.

ಅವಳ ತಪ್ಪಲ್ಲ. ಈ ಮನೆಯಲ್ಲಿ ದೊಡ್ಡವರ ಹೆಸರು ಹಿಡಿಯುವಂತಿಲ್ಲ. ಮಾವನ ಹೆಸರು ಜ್ಞಾನೇಶ್ವರ. ಓಣಿಯಲ್ಲಿ ಅದೇ ಹೆಸರಿನ ಹುಡುಗ ಒಬ್ಬನಿದ್ದಾನೆ. ಅವನನ್ನು ಕೂಡ ಅತ್ತೆ ಕರೆಯುವುದು "ಏ ನಮ್ಮವರ ಹೆಸರಿನವನೇ" ಎಂದು. ರೇಷನ್ ಅಂಗಡಿಯಲ್ಲಿ ಗಂಡನ ಹೆಸರು ಕೇಳಿದರೆ ಕಾರ್ಡನ್ನೇ ಮುಂದೆ ತಳ್ಳುತ್ತಾರೆ.

೧೬ ನವೆಂಬರ್, ರಾತ್ರಿ

ಔರಾದ್‌ನಲ್ಲಿ ಮ್ಯಾಚು. ಮಾರ್ಗರೆಟ ಮೇಡಂ ನನ್ನನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದರು.

ಸೋತೆವು. ಹೇಗೆ ಸೋತೆವು ಎಂದು ಬರೆಯಲೇಬೇಕು.

ಕೊನೆಯ ನಿಮಿಷ. ಒಂದು ಪಾಯಿಂಟ್ ಹಿಂದೆ. ಚೆಂಡು ಸಿದ್ದಿಯ ಕೈಯಲ್ಲಿ. ಎಡಗಡೆ ಒಬ್ಬಳು ಖಾಲಿ ನಿಂತಿದ್ದಾಳೆ, ಹತ್ತನೇ ಕ್ಲಾಸಿನವಳು. ನಮ್ಮ ಸಿದ್ದಿ "ಅಕ್ಕಾ!" ಎಂದು ಕೂಗಿ ಎಸೆದಳು. ಟೀಮಿನಲ್ಲಿ ಎಲ್ಲರೂ ಅವಳಿಗೆ ಅಕ್ಕಂದಿರೇ. ಮೂರು ಜನ ತಿರುಗಿದರು. ಅವಳಿಗೆ ಎಂದು ಇವಳು, ಇವಳಿಗೆ ಎಂದು ಅವಳು. ಚೆಂಡು ನಡುವೆ ಹಾದು ನೆಟ್ಟಗೆ ಸ್ಕೋರ್ ಬರೆಯುವ ಸರ್‌ಗಳ ಚಹಾದ ಮೇಲೆ.

ಬಸ್ಸಿನಲ್ಲಿ ಅತ್ತಳು. ನನಗೆ ನಗು ತಡೆಯಲಾಗಲಿಲ್ಲ. ಕಿಟಕಿಯ ಕಡೆ ತಿರುಗಿ ಕೂತೆ.

೧೮ ನವೆಂಬರ್

ಮೇಡಂ ಮನೆಗೇ ಬಂದಿದ್ದರು, ಚರ್ಚ್ ಮುಗಿಸಿಕೊಂಡು. ಹೆಸರು ಹಿಡಿದು ಕೂಗು, ಬೇರೆ ದಾರಿಯಿಲ್ಲ ಅಂದರು.

"ದೊಡ್ಡಾಕಿಗಿ ಹೆಸರ ಹಿಡದ್ರ ಪಾಪ ಬರ್ತದ್ರಿ ಮೇಡಂ."

"ಹಂಗಾದ್ರ ಜರ್ಸಿ ನಂಬರ್ ಹಿಡದು ಕೂಗು ಮಾರಾಯ್ತಿ."

ಸಿದ್ದಿ ಬೆರಳು ಮಡಚಿ ನಂಬರ್ ಎಣಿಸಿದಳು. ಆಮೇಲೆ ಮೆಲ್ಲಗೆ, "ಏಳರ ಅಕ್ಕಾರ ಅಂದ್ರ ನಡೀತದೇನ್ರಿ?"

ಮೇಡಂ ತಲೆ ಚಚ್ಚಿಕೊಂಡರು.

೯ ಡಿಸೆಂಬರ್ ೨೦೧೯

ನಡೆಯಿತು! ಏಳರ ಅಕ್ಕಾರ, ಒಂಬತ್ತರ ಅಕ್ಕಾರ ಎಂದು ಕೂಗಿಯೇ ಕಲಬುರಗಿ ವಿಭಾಗ ಗೆದ್ದು ಬಂದರು. ಎದುರು ಟೀಮಿನವರಿಗೂ ನಗು. ನಗುತ್ತಲೇ ಸೋತರು.

ನನಗೆ ಈಗ ಐದು ತಿಂಗಳು. ಓಡಬಾರದು. ಕಟ್ಟೆಯ ಮೇಲೆ ಕೂತು ಬೈಯುವ ಕೆಲಸ ನನ್ನದು.

೨ ಜೂನ್ ೨೦೨೦

ಎಷ್ಟೋ ದಿನದ ಮೇಲೆ ಬರೆಯುತ್ತಿದ್ದೇನೆ. ಅಕ್ಷತಾ ಹುಟ್ಟಿ ಎರಡು ತಿಂಗಳು. ಲಾಕ್‌ಡೌನ್. ಬಸ್ಸಿಲ್ಲ, ಶಾಲೆಯಿಲ್ಲ, ಮ್ಯಾಚಿಲ್ಲ. ಸಿದ್ದಿ ಇಡೀ ದಿನ ಅಂಗಳದಲ್ಲಿ ಚೆಂಡು ಕುಟ್ಟುತ್ತಾಳೆ. ಆ ಸದ್ದು ನಿಂತರೆ ಕೂಸು ಎದ್ದು ಅಳುತ್ತದೆ. ಅತ್ತೆಯೇ ಈಗ, "ಏ ಸಿದ್ದಿ, ಬಡಿಯವ್ವ ಬಡಿ, ಕೂಸು ಮಲಗಲಿ" ಅನ್ನುತ್ತಾರೆ.

೨೨ ಆಗಸ್ಟ್ ೨೦೨೧

ಬೆಂಗಳೂರಿನ ಕ್ರೀಡಾ ಹಾಸ್ಟೆಲ್ಲಿಗೆ ಹೋದಳು. ಸ್ಟೇಷನ್ನಿನಲ್ಲಿ ನಾನು ಅಳಲಿಲ್ಲ. ಮನೆಗೆ ಬಂದು ರೊಟ್ಟಿ ಬಡಿಯುವಾಗ ಕೈ ನಿಂತಿತು. ಅವಳ ಪಾಲಿನ ಹಿಟ್ಟನ್ನೂ ನಾದಿದ್ದೆ. ಅತ್ತೆ ನೋಡಿದರು. ತಾವೇ ಒಲೆಯ ಮುಂದೆ ಕೂತರು.

೧೧ ಫೆಬ್ರವರಿ ೨೦೨೪

ಸ್ಟೇಟ್ ಟೀಮಿಗೆ ಆಯ್ಕೆ. ಸೀನಿಯರ್. ಫೋನಿನಲ್ಲಿ ಕಿರುಚಿದಳು, ನಾನೂ ಕಿರುಚಿದೆ. ಅಲ್ಲೂ ನಂಬರಿನಿಂದಲೇ ಕರೆಯುತ್ತಾಳಂತೆ. ಪೋರಿ ಬದಲಾಗಿಲ್ಲ.

೫ ಆಗಸ್ಟ್ ೨೦೨೫

ಹೈದರಾಬಾದಿನ ಪ್ರೊಫೆಷನಲ್ ಟೀಮಿನಿಂದ ಕರೆ ಬಂದಿದೆ. ಲೀಗು. ಆಡುವುದೇ ನೌಕರಿ! ಹದಿನೈದು ಜನರನ್ನು ಕ್ಯಾಂಪಿಗೆ ಕರೆದಿದ್ದಾರೆ, ಹನ್ನೆರಡು ಜನ ಉಳಿಯುತ್ತಾರೆ. ಅತ್ತೆ ಶೇಂಗಾ ಚಟ್ನಿ ಕುಟ್ಟಿದರು, ಹದಿನೈದು ಜನಕ್ಕೂ ಆಗುವಷ್ಟು.

೧೭ ಆಗಸ್ಟ್

ಫೋನಿನಲ್ಲಿ ಸಿದ್ದಿಯ ದನಿ ಸರಿಯಿಲ್ಲ. ಕೆದಕಿದೆ. ಹೇಳಿದಳು.

ಅಲ್ಲಿ ಪ್ರಾಕ್ಟೀಸಿಗೆ ನಂಬರ್ ಇಲ್ಲದ ಬನಿಯನ್. ಎಲ್ಲರೂ ಇವಳಿಗಿಂತ ದೊಡ್ಡವರು, ಕೆಲವರು ದೇಶಕ್ಕೆ ಆಡಿದವರು. ಕೇರಳದವಳಿಗೆ ಚೇಚಿ, ನಾಗಪುರದವಳಿಗೆ ತಾಈ, ರಾಯಪುರದವಳಿಗೆ ದೀದಿ ಅನ್ನುತ್ತಾಳಂತೆ. ನಾಲ್ಕು ಭಾಷೆಯಲ್ಲಿ ಅಕ್ಕ ಅನ್ನುವುದನ್ನು ಕಲಿತಿದ್ದಾಳೆ ಪುಣ್ಯಾತಗಿತ್ತಿ! ಒಂದು ಭಾಷೆಯಲ್ಲೂ ಹುಕುಂ ಮಾಡುವುದನ್ನು ಕಲಿತಿಲ್ಲ.

ಕೋಚ್ ಹೇಳಿಬಿಟ್ಟಿದ್ದಾರೆ: ಕೈ ನಂಬರ್ ಒನ್. ಆದರೆ ಬಾಯಿ ಬಿಡದ ಗಾರ್ಡ್ ನನಗೆ ಬೇಡ. ಎರಡು ದಿನ ರಜೆ, ಮನೆಗೆ ಹೋಗಿ ಯೋಚಿಸಿ ಬಾ. ಇಪ್ಪತ್ತಮೂರಕ್ಕೆ ಕೊನೆಯ ಟ್ರಯಲ್.

"ಬಿಟ್ಟು ಬರ್ತೇನಿ ವೈನಿ. ನನ್ನ ಕೈಲೆ ಆಗಲ್ಲ."

"ಕಮಠಾಣಕ್ಕ ಬರಬ್ಯಾಡ. ಸೀದಾ ಭಾಲ್ಕಿಗಿ ಬಾ. ನಾನೂ ಬರ್ತೇನಿ."

೧೯ ಆಗಸ್ಟ್, ಭಾಲ್ಕಿ

ತವರುಮನೆಯ ಮಾಳಿಗೆ. ಕಾಲು ಕೊಡಲಿಯಲ್ಲಿ ಕಡಿದಂತೆ ನೋಯುತ್ತಿದೆ. ನಿದ್ದೆ ಬರುತ್ತಿಲ್ಲ, ನೋವಿನಿಂದಲ್ಲ.

ಬೆಳಿಗ್ಗೆ ನನ್ನ ಹಳೆಯ ಶಾಲೆಯ ಕೋರ್ಟಿಗೆ ಕರೆದುಕೊಂಡು ಹೋದೆ. ಜೊತೆಗೆ ಆಡುತ್ತಿದ್ದವರಲ್ಲಿ ಊರಲ್ಲಿ ಉಳಿದ ಇಬ್ಬರನ್ನು ಹಿಡಿದು ತಂದಿದ್ದೆ. ಸುಜಿ, ಈಗ ನರ್ಸು, ರಾತ್ರಿ ಡ್ಯೂಟಿ ಮುಗಿಸಿ ನೇರ ಬಂದಿದ್ದಳು. ಕೌಸಲ್ಯಾ, ಕಿರಾಣಿ ಅಂಗಡಿಯವಳು, ಎರಡು ಮಕ್ಕಳ ತಾಯಿ, ಚೂಡಿದಾರಕ್ಕೆ ಗಂಡನ ಬೂಟು. ಎದುರಿಗೆ ಈಗಿನ ಹೈಸ್ಕೂಲ್ ಟೀಮಿನ ಹುಡುಗಿಯರು.

ಕಟ್ಟಪ್ಪಣೆ ನನ್ನದೇ. "ಹೆಸರ ಹಿಡದು ಕರೀಲಿಲ್ಲಂದ್ರ ನಾವ್ಯಾರೂ ಕಾಲ ಎತ್ತಂಗಿಲ್ಲ."

ಸಿದ್ದಿ "ನರ್ಸಬಾಯಿ!" ಅಂದಳು. ಸುಜಿ ಕಂಬದಂತೆ ನಿಂತಳು. "ಅಂಗಡಿ ಕಾಕೂ!" ಅಂದಳು. ಕೌಸಲ್ಯಾ ಆಕಳಿಸಿದಳು. "ವೈನಿ, ವೈನಿ!" ನಾನು ಆಕಾಶ ನೋಡಿದೆ. ಆ ಸಣ್ಣ ಹುಡುಗಿಯರು ಐದಾರು ಬಾಸ್ಕೆಟ್ ಹಾಕಿ ಕುಣಿದಾಡಿದರು.

ಕೊನೆಗೆ ಚೆಂಡು ಕೆಳಗಿಟ್ಟು ಅತ್ತುಬಿಟ್ಟಳು. "ನೀವು ನನಗ ಅವ್ವಗಿಂತ ಹೆಚ್ಚ ಮಾಡೀರಿ. ನಿಮಗ ಹೆಸರ ಹಿಡದ್ರ... ಅದೆಲ್ಲಾ ಮರ್ತಂಗ ಆಗ್ತದ್ರಿ."

ತಲೆ ಸವರಬೇಕು ಅನ್ನಿಸಿತು. ಆದರೆ ಸಿಟ್ಟೂ ಬಂತು. "ಮರ್ತಂಗ ಆಗೋದು ನೀ ಚೀಲ ಕಟ್ಟಿಕೊಂಡು ವಾಪಸ್ ಬಂದ್ರ. ನಾ ವರ್ಷಗಟ್ಟಲೆ ನಸುಕಿನಾಗ ಎದ್ದಿದ್ದು ನಿನ್ನ ಬಾಯಿಂದ ವೈನಿ ಅನಸ್ಕೊಳ್ಳಾಕೇನ? ಚೆಂಡು ಎತ್ತು!"

ಎತ್ತಿದಳು. ಮೂಗು ಒರೆಸಿಕೊಂಡು, ಕೆಂಪು ಕಣ್ಣಲ್ಲೇ ಒಳಗೆ ನುಗ್ಗಿದಳು. ಇಬ್ಬರು ಹುಡುಗಿಯರು ಅಡ್ಡ ಬಂದರು. ಬಲಗಡೆ ರಿಂಗಿನ ಕೆಳಗೆ ಜಾಗ ಖಾಲಿ.

"ಸುಜಾತಾ!"

ನನ್ನ ಹೆಸರು! ಓಡಿದೆ. ಯಾವ ಕಾಲು ಮೊದಲು ಎತ್ತಿದೆನೋ ಗೊತ್ತಿಲ್ಲ. ಚೆಂಡು ಕೈಗೆ ಬಂದಿತ್ತು. ಹಾಕುವುದು ಬಿಟ್ಟು ಎದೆಗೆ ಅಪ್ಪಿಕೊಂಡು ನಿಂತೆ.

"ಹಾಕೇ ಹುಚ್ಚಿ, ಬುಟ್ಟ್ಯಾಗ ಹಾಕು!" ಎಂದು ಕೌಸಲ್ಯಾ ಅರಚಿದಳು. ಅಷ್ಟರಲ್ಲಿ ಒಬ್ಬ ಹುಡುಗಿ ಚೆಂಡು ಕಿತ್ತುಕೊಂಡು ಹೋದಳು.

ಕಮಠಾಣದ ಮನೆಯಲ್ಲಿ ಒಂಬತ್ತು ವರ್ಷದಿಂದ ನಾನು ಭಾಲ್ಕಿಯಾಕಿ. ವೈನಿ. ಅಕ್ಷತಾಳ ಅವ್ವ. ಗಂಡನಿಗೆ "ಏ, ಇಲ್ಲಿ ಬಾ". ಯಾರ ಮೇಲೂ ದೂರಿಲ್ಲ, ಎಲ್ಲರ ಮನೆಯಲ್ಲೂ ಹಾಗೇ. ಆದರೆ ಆ ಮನೆಯವರ ಬಾಯಲ್ಲಿ ನನ್ನ ಹೆಸರು ಕೇಳಿದ್ದು ಇವತ್ತೇ. ಎಷ್ಟು ಖುಷಿಯಾಯಿತೆಂದು ಇಲ್ಲಾದರೂ ಬರೆದುಕೊಳ್ಳುತ್ತೇನೆ. ಬಹಳ ಖುಷಿಯಾಯಿತು.

ಆಮೇಲೆ ಕಟ್ಟು ಬಿಚ್ಚಿದಂತೆ ಆದಳು. "ಕೌಸಲ್ಯಾ, ಎಡಕ್ಕ! ಸುಜಿ, ಹಿಂದ ನೋಡು! ಸುಜಾತಾ, ಓಡು, ಓಡು!" ದಯೆ ದಾಕ್ಷಿಣ್ಯ ಇಲ್ಲದೆ ಓಡಿಸಿದಳು. ಆಟ ಮುಗಿದ ಮೇಲೆ ಮೂವರ ಕಾಲಿಗೂ ಬಿದ್ದಳು.

"ಕೋರ್ಟಿನಾಗ ಸುಜಾತಾ, ಮನ್ಯಾಗ ವೈನಿ. ತಿಳೀತಾ?"

"ತಿಳೀತ್ರಿ ವೈನಿ."

೨೩ ಆಗಸ್ಟ್

ಇವತ್ತು ಟ್ರಯಲ್. ಹಾಲು ಎರಡು ಸಲ ಉಕ್ಕಿತು. ಫೋನಿಲ್ಲ.

೨೪ ಆಗಸ್ಟ್

ಉಳಿದಳು! ಹನ್ನೆರಡರಲ್ಲಿ ಒಬ್ಬಳು. ಕೇರಳದ ಚೇಚಿಗೆ ಹೆಸರು ಹಿಡಿದು ಕೂಗಿದಾಗ ಆಕೆ ನಿಂತು, "ಕೊನೆಗೂ!" ಎಂದು ಚಪ್ಪಾಳೆ ತಟ್ಟಿದಳಂತೆ. ಮಾರ್ಗರೆಟ ಮೇಡಂಗೆ ಫೋನ್ ಮಾಡಿದೆ. ಮಾತು ಬರದೆ ಪ್ರಾರ್ಥನೆ ಶುರು ಮಾಡಿದರು.

೨೬ ಆಗಸ್ಟ್

ಪೋರಿ ಖುಷಿಯಲ್ಲಿ ಭಾಲ್ಕಿಯ ಕಥೆಯನ್ನೆಲ್ಲ ಅತ್ತೆಗೆ ಹೇಳಿಬಿಟ್ಟಿದ್ದಾಳೆ. ಬೆಳಿಗ್ಗೆಯಿಂದ ಅತ್ತೆಯ ಮುಖ ಗಂಟು. ಸಂಜೆ ಕುರಿಗೆ ನೀರಿಡುವಾಗ ಕೇಳಿದರು.

"ಮಂದಿ ಮುಂದ ನಿನಗ ಹೆಸರ ಹಿಡದು ಒದರಿದಳಂತ. ಸಿಟ್ಟ ಬರಲಿಲ್ಲೇನ ನಿನಗ?"

"ಇಲ್ರಿ ಅತ್ತಿ. ಖುಷಿ ಆಯ್ತ್ರಿ."

ಬಕೆಟ್ಟು ಕೆಳಗಿಟ್ಟರು. ಬಯ್ಯುತ್ತಾರೆ ಎಂದುಕೊಂಡೆ. "ನನಗ ಕಾಂತಾ ಅಂತಿದ್ದಾಕಿ ನಮ್ಮವ್ವ ಒಬ್ಬಾಕಿ. ಆಕಿ ಹೋದ ಮ್ಯಾಲ ಯಾರೂ ಕರ್ದಿಲ್ಲ" ಅಂದರು. ಬಕೆಟ್ಟು ಎತ್ತಿಕೊಂಡು ಒಳಗೆ ಹೋದರು. ಹಿಂದೆ ಹೋಗಿ ತಬ್ಬಿಕೊಳ್ಳಬೇಕು ಅನ್ನಿಸಿತು. ಧೈರ್ಯವಾಗಲಿಲ್ಲ.

೧೪ ಸೆಪ್ಟೆಂಬರ್, ಸಂಜೆ ೬.೪೦

ಹಾಫ್ ಟೈಮ್. ಅಡುಗೆಮನೆಯಲ್ಲಿ ನಿಂತೇ ಬರೆಯುತ್ತಿದ್ದೇನೆ, ಚಹಾ ಕುದಿಯುತ್ತಿದೆ. ಮೊದಲ ಮ್ಯಾಚು. ಗಂಡ ಮೊಬೈಲನ್ನು ಟಿ.ವಿ.ಗೆ ಜೋಡಿಸಿದ್ದಾರೆ. ಪಡಸಾಲೆ ತುಂಬ ಓಣಿಯ ಜನ. ಅಕ್ಷತಾ ಟಿ.ವಿ.ಗೆ ಮೂಗು ಹಚ್ಚಿ ಕೂತಿದ್ದಾಳೆ.

ಎರಡನೇ ಕ್ವಾರ್ಟರಿನಲ್ಲಿ ಸಿದ್ದಿಯನ್ನು ಇಳಿಸಿದರು. ಬಂದವಳೇ ಕೈ ಎತ್ತಿ ಎಲ್ಲರನ್ನೂ ಹೆಸರು ಹಿಡಿದು ಸರಿಸಿದಳು, ತನ್ನ ಮನೆ ಅಂಗಳದಂತೆ. ನಾಲ್ಕು ಪಾಸ್, ನಾಲ್ಕೂ ಬಾಸ್ಕೆಟ್. ಐದು ಪಾಯಿಂಟ್ ಹಿಂದಿದ್ದವರು ಈಗ ಮೂರು ಮುಂದೆ. ಅತ್ತೆ ಮೊದಲು ಸೆರಗು ಬಾಯಿಗಿಟ್ಟುಕೊಂಡು ಕೂತಿದ್ದರು. ಆಮೇಲೆ ಮಗಳ ಬಾಯಿಂದ ಬಂದ ಹೆಸರನ್ನೆಲ್ಲ ತಾವೂ ಕೂಗತೊಡಗಿದರು. ಯಾರು ಯಾರೆಂದು ಗೊತ್ತಿಲ್ಲ, ಆದರೂ ಎಲ್ಲರಿಗೂ ಹುಕುಂ.

ಪಡಸಾಲೆಯಲ್ಲಿ ಗದ್ದಲ. ಮತ್ತೆ ಶುರುವಾಯಿತು ಅನ್ನಿಸುತ್ತದೆ. ಅತ್ತೆಯ ದನಿ—

"ಸುಜಾತಾ! ಏ ಸುಜಾತಾ, ಚಹಾ ಬಿಡು, ಜಲ್ದಿ ಬಾ!"

ಪಕ್ಕದ ಮನೆಯ ಪಂಢರಿ ಕಾಕಾ ಕೇಳುತ್ತಿದ್ದಾರೆ: "ಸುಜಾತಾ ಯಾರವ್ವ?"

"ನನ್ನ ಸೊಸಿ! ಒಂಬತ್ತ ವರ್ಷ ಆಯ್ತು ಬಂದು, ಹೆಸರೂ ಗೊತ್ತಿಲ್ಲೇನ ನಿನಗ?"

ಇನ್ನೊಂದು ಸಲ ಕರೆಯಲಿ. ಒಂದೇ ಒಂದು ಸಲ. ಆಮೇಲೆ ಹೋಗು—