ಬಿಚ್ಚಿಟ್ಟ ಒಂಟಿ

ಉಲ್ಲಾಳ, 12–8–1956

ಮ್ಯಾಜಿಸ್ಟ್ರೇಟ್ ಸಾಹೇಬರ ಸನ್ನಿಧಿಗೆ ಉಲ್ಲಾಳದ ಅಕ್ಕಯ್ಯಮ್ಮ ಕೈಮುಗಿದು ಬರೆದುಕೊಳ್ಳುವ ಬಿನ್ನಹ.

ನನ್ನ ತಂಗಿ ಚಿಕ್ಕತಾಯಿ ಹುಟ್ಟು ಮೂಗಿ. ಅವಳನ್ನು ಕೆಡಿಸಿದವರು ಯಾರೆಂದು ತಾವು ಸೋಮವಾರ ಕೇಳಿದಾಗ ಅವಳು ಎಡಗಿವಿಯನ್ನು ಹಿಡಿದು ಎಳೆದು ತೋರಿಸಿದಳು. ಅದು ಪಟೇಲರ ಮಗ ಗಂಗಣ್ಣನವರಿಗೆ ಅವಳಿಟ್ಟ ಹೆಸರು. ಅವರು ಆ ಕಿವಿಗೆ ಚಿನ್ನದ ಒಂಟಿ ಹಾಕುತ್ತಾರೆ. ಊರಿನಲ್ಲಿ ಪ್ರತಿಯೊಬ್ಬರಿಗೂ ಅವಳು ಇಂಥದೊಂದು ಹೆಸರಿಟ್ಟಿದ್ದಾಳೆ. ಅದು ಎಲ್ಲರಿಗೂ ಗೊತ್ತು.

ನಾನು ಅರ್ಥ ಹೇಳಲು ಎದ್ದರೆ ಗಂಗಣ್ಣನವರ ವಕೀಲರು, "ಇದು ಅಕ್ಕ ಹೇಳ್ಕೊಟ್ಟಿದ್ದು ಸ್ವಾಮಿ. ಮೂಗಿ ಸನ್ನೆ ಯಾರಿಗ್ ತಿಳೀತದೆ?" ಎಂದರು. ತಾವು ನನ್ನನ್ನು ಕೂರಿಸಿದಿರಿ. ಊರಿನವರು ಯಾರೂ ಸಾಕ್ಷಿಗೆ ಬರುವುದಿಲ್ಲ. ಎಲ್ಲರೂ ಪಟೇಲರ ಬಾವಿಯಿಂದಲೇ ನೀರು ತರಬೇಕು.

ನನ್ನ ಮಾತು ನಂಬಬೇಡಿ. ಮುಂದಿನ ವಾಯಿದೆಯಲ್ಲಿ ಗಂಗಣ್ಣನವರನ್ನು ಕಿಟಕಿಯ ಹತ್ತಿರ ಕರೆದು ಎಡಗಿವಿಯನ್ನೊಮ್ಮೆ ನೋಡಿ. ಸೋಮವಾರ ಅಲ್ಲಿ ತೂತು ಮಾತ್ರ ಇತ್ತು. ಮದುವೆಯಲ್ಲಿ ಮಾವ ಹಾಕಿದ ಒಂಟಿಯನ್ನು ಅವರು ಎಂದೂ ತೆಗೆದವರಲ್ಲ. ತಂಗಿಯ ಸನ್ನೆ ಯಾರಿಗೂ ತಿಳಿಯದಿದ್ದರೆ, ಕೋರ್ಟಿಗೆ ಬರುವ ಮುಂಚೆ ಅದನ್ನೇಕೆ ಬಿಚ್ಚಿಟ್ಟರು?

ಮುಂದಿನ ವಾಯಿದೆಗೂ ತಂಗಿಯನ್ನು ಕರೆದುಕೊಂಡೇ ಬರುವ,
ಅಕ್ಕಯ್ಯಮ್ಮ