ಸೈರನ್ನಿಗೆ ಎಂಟು ಅಂಕ

ಮಂಗಳವಾರ, ಆಗಸ್ಟ್ 12

ಇಂಗ್ಲಿಷ್ ಪಾಠದ ಮಲ್ಲಿಕ್ ಸರ್ ಮುಖ ನೆನೆದರೇ ಮೈ ಉರಿಯುತ್ತದೆ. ಸಿನಿಮಾ ವಿಶ್ಲೇಷಣೆ ಬರೆಯುವುದನ್ನು ಕಲಿಸಲು ಒಂದು ಕಿರುಚಿತ್ರ ತೋರಿಸಿದ್ದರು. ಕಾರ್ಖಾನೆಯ ಸೈರನ್ ಕೂಗುತ್ತದೆ, ಒಬ್ಬ ಹೆಂಗಸು ಒಲೆ ಹಚ್ಚದೆ ಸುಮ್ಮನೆ ಕೂತಿರುತ್ತಾಳೆ. ಅಷ್ಟೇ. ಅವಳ ಗಂಡ ಸತ್ತಿದ್ದಾನೆ ಎಂದು ಬರೆದೆ. ಭದ್ರಾವತಿಯ ನಮ್ಮ ಬೀದಿಯಲ್ಲಿ ಶಿಫ್ಟ್ ಬಿಡುವ ಸೈರನ್ ಕೇಳಿಯೇ ಅನ್ನಕ್ಕೆ ಇಡುತ್ತಿದ್ದರು. ಗಂಡಸರು ಸೈಕಲ್ ತುಳಿದು ಮನೆ ಮುಟ್ಟುವಷ್ಟರಲ್ಲಿ ಅನ್ನ ಆಗಿರುತ್ತಿತ್ತು.

ಹೋದ ವಾರ ಸರ್ ಅದನ್ನು ಇಡೀ ಕ್ಲಾಸಿಗೆ ಓದಿದರು. "ಇದು ನಿಮ್ಮನೆ ಕತೆ ಕಣಮ್ಮ, ಅನಾಲಿಸಿಸ್ ಅಲ್ಲ. ಅವಳು ಸಿಸ್ಟಮ್ ವಿರುದ್ಧ ಪ್ರತಿಭಟಿಸ್ತಿದಾಳೆ. ತಿದ್ದಿ ಬರ್ಕೊಂಡ್ ಬಾ." ವಿದ್ಯಾನಗರದ ಶೀತಲ್ ಹಲ್ಲು ಕಿರಿದಳು. ಅವಳಿಗೆ ಸೈರನ್ ಎಂದರೆ ಆಂಬುಲೆನ್ಸ್ ಮಾತ್ರ.

ಪ್ರತಿಭಟನೆ ಎಂದೇ ಎರಡು ಪುಟ ಗೀಚಿ ಕೊಟ್ಟಿದ್ದೆ. ಇವತ್ತು ವಾಪಸ್ ಬಂತು. ಹತ್ತಕ್ಕೆ ನಾಲ್ಕಿದ್ದದ್ದು ಎಂಟಾಗಿದೆ. ಥೂ, ನನ್ನ ಮುಖಕ್ಕಿಷ್ಟು.

ಸಂಜೆ ಶಿವಮೊಗ್ಗದ ಕಾಲೇಜಿನಿಂದ ಬಸ್ಸಿಳಿದು ಮನೆಗೆ ಬಂದವಳು ಅಮ್ಮನಿಗೆ ಆ ದೃಶ್ಯವನ್ನಷ್ಟೇ ಹೇಳಿದೆ. ಸೊಪ್ಪು ಸೋಸುತ್ತಿದ್ದ ಅವಳ ಕೈ ನಿಂತಿತು.

"ಸೈರನ್ ಆದ್ರೂ ಅನ್ನಕ್ಕೆ ಇಡ್ಲಿಲ್ವಾ? ಅಯ್ಯೋ, ಗಂಡ ಹೋಗ್ಬಿಟ್ಟಿದಾನೆ ಮಾರಾಯ್ತಿ. ನೀನೂ ಹಂಗೇ ಬರ್ದೆ ತಾನೆ?"

"ಹ್ಞೂಂ," ಎಂದೆ.

"ಎಷ್ಟು ಕೊಟ್ರು?"

"ಎಂಟು."

"ಪರ್ವಾಗಿಲ್ಲ, ನಿಮ್ ಸರ್‌ಗೆ ನಮ್ ಕಷ್ಟ ಅರ್ಥ ಆಗಿದೆ," ಎಂದಳು.