ಉಳ್ಳಾಗಡ್ಡಿ ಗಾಡಿಯ ದನಿ

ಶಹಾಪುರ
ತಾ. 10-8-2022, ಬುಧವಾರ

ಪ್ರೀತಿಯ ಅವ್ವಾ,

ನಿನ್ನ ಸುಂದ್ರಿಯ ನಮಸ್ಕಾರಗಳು. ಮೊಣಕಾಲಿನ ನೋವು ಈಗ ಹೇಗಿದೆ? ಅಂಗನವಾಡಿ ಮಕ್ಕಳ ಹಿಂದೆ ಓಡುವುದನ್ನು ಕಡಿಮೆ ಮಾಡು ಅಂದರೆ ನೀನು ಕೇಳುವವಳಲ್ಲ. ಎಣ್ಣೆ ಹಚ್ಚಿಕೊಳ್ಳುತ್ತೀಯೋ, ಬಾಟಲಿ ಹಾಗೇ ಗೂಡಿನಲ್ಲಿ ಕೂತಿದೆಯೋ? ಅಂಬ್ರಣ್ಣನಿಗೆ ಕಡೇಚೂರಿನ ಫ್ಯಾಕ್ಟರಿಯಲ್ಲಿ ಈ ಪಂಚಮಿಗಾದರೂ ರಜೆ ಕೊಟ್ಟರೇ, ಇಲ್ಲ ಸೈದಾಪುರದ ರೂಮಿನಲ್ಲೇ ಹಬ್ಬ ಮುಗಿಸಿದನೇ? ನೀನು ಅಳಿಯನ ಕೈಯಲ್ಲಿ ಕಳಿಸಿದ ಶೇಂಗಾ ಉಂಡಿ, ಎಳ್ಳುಂಡಿ ಎಲ್ಲ ಮುಟ್ಟಿದವು. ಡಬ್ಬಿಯ ಜೊತೆ ಹೇಳಿ ಕಳಿಸಿದ ಮಾತೂ ಮುಟ್ಟಿತು. "ಸಂತ್ಯಾಗ ಆಕಿ ದನಿ ಕೇಳಿದ್ನೆಪ್ಪಾ. ಎಷ್ಟ್ ಖುಷೀಲೆ ಮಾತಾಡ್ಯಾಳ! ಆರಾಮ ಇದ್ದಾಕಿನ್ನ ಯಾಕ ಎಳಕೊಂಡ್ ಬರೂದು ಅಂತ ಈ ಸಲ ಕರಿಯಾಕ ಬರ್ಲಿಲ್ಲ, ಬ್ಯಾಸರ ಮಾಡ್ಕೋಬ್ಯಾಡ ಅನ್ನು" ಅಂದೆಯಂತೆ. ಇವರು ನಿನ್ನ ಹಾಗೇ ಕೈ ತಿರುಗಿಸಿ ಮಾಡಿ ತೋರಿಸಿದರು. ಮನೆಮಂದಿಯೆಲ್ಲ ನಕ್ಕರು. ಆ ಮಾತಿಗೆ ಉತ್ತರ ಕೊಡಲು ಕೂತಿದ್ದೇನೆ. ಅತ್ತೆ ಹತ್ತಿ ಹೊಲದಲ್ಲಿ ಕಳೆ ತೆಗೆಯಲು ಹೋಗಿದ್ದಾರೆ, ಕೂಸು ಈಗಷ್ಟೇ ಕಣ್ಣು ಮುಚ್ಚಿದೆ. ಅಕ್ಷರ ಸೊಟ್ಟಗಿದ್ದರೆ ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಬರೆಯುತ್ತಿದ್ದೇನೆ ಅಂತ ತಿಳಿದುಕೋ.

ನೀನು ಕೇಳಿದ ಆ ದನಿಯ ಕಥೆಯನ್ನು ಮೊದಲಿನಿಂದ ಹೇಳದಿದ್ದರೆ ನಿನಗೆ ತಿಳಿಯುವುದಿಲ್ಲ. ಉಳ್ಳಾಗಡ್ಡಿ, ಬಟಾಟಿ ಮಾರಲು ಯುಗಾದಿಗೆ ಹೊಸ ಪಿಕಪ್ ಗಾಡಿ ಬಂತಲ್ಲ, ಅದರಲ್ಲಿ ಕಂಪನಿಯವರೇ ಹಾಕಿ ಕೊಟ್ಟ ಒಂದು ಸೆಟ್ಟು, ಎರಡು ಬಾಗಿಲಿಗೆ ಅಂಗೈ ಅಗಲದ ಎರಡು ಸ್ಪೀಕರು ಇದ್ದವು. ನಿನ್ನ ಅಳಿಯನಿಗೆ ಮೊದಲ ದಿನದಿಂದಲೇ ಅದರ ಮೇಲೆ ಸಿಟ್ಟು. ಎಂಜಿನ್ ಶುರುವಾದರೆ ಹಾಡು ಕೇಳುವುದಿಲ್ಲ, ಹಾಡು ಕೇಳಬೇಕಾದರೆ ಗಾಡಿ ನಿಲ್ಲಿಸಬೇಕು. ಯಾದಗಿರಿಯಲ್ಲಿ ಚಾಂದಪಾಶಾ ಅಂತ ಒಬ್ಬ ಗಾಡಿಗಳಿಗೆ ಸೆಟ್ ಕೂರಿಸುವವನು. ಅವನು ಬಾಗಿಲಿಗೆ ಕಿವಿ ಹಚ್ಚಿ ಕೇಳಿ, "ಇದು ಸೆಟ್ ಅಲ್ರಿ ಅಣ್ಣಾ, ಡಬ್ಬ್ಯಾಗ ಸೊಳ್ಳಿ ಹಿಡದು ಕೊಟ್ಟಾರ" ಅಂದನಂತೆ. ಅಷ್ಟು ಸಾಕಾಯಿತು. ಬೆಳಿಗ್ಗೆ ಹೋದ ಗಾಡಿ ಸಂಜೆ ಬರುವಾಗ ಬೇರೆಯೇ ಆಗಿ ಬಂತು. ಬಾಗಿಲಿನ ಒಳಮೈ ಕೊಯ್ದು ತಾಟಿನಷ್ಟು ದೊಡ್ಡ ಸ್ಪೀಕರು, ಸೀಟಿನ ಕೆಳಗೆ ಆಂಪ್ಲಿಫೈಯರು, ಬೆನ್ನ ಹಿಂದೆ ಬಾಸ್ ಪೆಟ್ಟಿಗೆ, ತಲೆಯ ಮೇಲೆ ಮೈಕಿನ ಎರಡು ಹಾರ್ನು. ಅತ್ತೆ ಬಾಗಿಲ ಒಳಗೆ ಇಣುಕಿ ನೋಡಿ ಎದೆ ಬಡಿದುಕೊಂಡರು: "ಪೂಜಿ ಮಾಡಿದ ಹೂವ ಇನ್ನಾ ಬಾಡಿಲ್ಲ, ಆಗ್ಲೇ ಬಾಗಲಾ ಕೊಯ್ಸಕೊಂಡು ಬಂದೀಯೇನೋ ಮೂಳಾ!" ಇವರು ಸೆಟ್ಟಿನ ದನಿ ಹೆಚ್ಚಿಸಿದರು. ನಮ್ಮ ಗೂಡಿನಲ್ಲಿದ್ದ ಸ್ಟೀಲ್ ಲೋಟಗಳು ತಾವೇ ಸರಿದಾಡಿದವು. ಪೆಟ್ಟಿಗೆಯಿಂದಾಗಿ ಸೀಟು ಎಷ್ಟು ಮುಂದಕ್ಕೆ ಬಂದಿದೆ ಅಂದರೆ, ಇವರ ಪಕ್ಕದಲ್ಲಿ ಒಬ್ಬರು ಮಾತ್ರ ಮಂಡಿ ಮಡಚಿಕೊಂಡು ಕೂರಬಹುದು. ನಾನು, ಕೂಸು ಅಲ್ಲಿ ಇನ್ನೂ ಒಂದು ದಿನವೂ ಕೂತಿಲ್ಲ.

ಸೆಟ್ಟೇನೋ ಬಂತು, ಅದರಲ್ಲಿ ಕೂಗುವವರು ಬೇಕಲ್ಲ. ನಾನು ಐದು ತಿಂಗಳ ಕೂಸನ್ನು ಎತ್ತಿಕೊಂಡು ನಿನ್ನ ಮನೆಯಿಂದ ಬಂದು ಎರಡು ದಿನವೂ ಆಗಿರಲಿಲ್ಲ. "ಕಾಲೇಜಿನ್ಯಾಗ ನಿರೂಪಣಾ ಮಾಡ್ತಿದ್ದಿ ಅಂತಿ, ನಮ್ಮ ಉಳ್ಳಾಗಡ್ಡಿಗೂ ಒಂದಿಷ್ಟು ಮಾಡು" ಅಂತ ಇವರು ನನ್ನ ಫೋನನ್ನೇ ನನ್ನ ಬಾಯಿಗೆ ಹಿಡಿದರು. ನನಗೂ ಹುರುಪು ಬಂತು, ಸುಳ್ಳು ಯಾಕೆ ಹೇಳಲಿ. ಕೂಸನ್ನು ಕಂಕುಳಲ್ಲಿಟ್ಟುಕೊಂಡೇ ಹೇಳಿದೆ: "ಬರ್ರಿ ಅವ್ವಾ, ಬರ್ರಿ ಅಕ್ಕಾ! ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟಿ ಮನಿ ಬಾಗಲಿಗೆ ಬಂದಾವ. ಆರಿಸಿ ತಗೋರಿ, ನಕ್ಕೋಂತ ತಗೋರಿ!" ಕೊನೆಯ ಮಾತಿಗೆ ಕೂಸು ಕಿಲಕಿಲ ನಕ್ಕಿತು, ಅದೂ ಅದರಲ್ಲಿ ಸೇರಿಹೋಯಿತು. ಹಳೆಯ ಸೆಟ್ಟಾಗಿದ್ದರೆ ನೆಗಡಿ ಹಿಡಿದವಳ ಹಾಗೆ ಕೇಳುತ್ತಿದ್ದೆನೇನೋ. ಈ ಸೆಟ್ಟಿನಲ್ಲಿ ನಾನು ಉಸಿರು ತೆಗೆದುಕೊಂಡದ್ದೂ ಕೇಳುತ್ತದೆ, ನೀನು ತೊಡಿಸಿ ಕಳಿಸಿದ ಹಸಿರು ಬಳೆಯ ಸದ್ದೂ ಕೇಳುತ್ತದೆ. "ಸೊಸಿ ದನಿ ಓಣಿ ಓಣಿ ತಿರಗಸ್ತೀಯೇನ, ನಾಚಿಗಿಲ್ಲೇನ ನಿನಗ" ಅಂತ ಅತ್ತೆ ಮೊದಮೊದಲು ಮುಖ ಗಂಟು ಹಾಕಿಕೊಂಡಿದ್ದರು. ಗಾಡಿ ಖಾಲಿಯಾಗಿ ಬರತೊಡಗಿದ ಮೇಲೆ ನೆರೆಯವರ ಮುಂದೆ, "ಬಿ.ಎಡ್. ಓದಿದ ದನಿ ಐತವ್ವಾ ಅದು, ಹಂಗ ಬರೂದಿಲ್ಲ" ಅನ್ನಲು ಶುರು ಮಾಡಿದರು. ಒಂದು ದಿನ ನಾನೂ ಸುರಪುರದವರೆಗೆ ಗಾಡಿಯಲ್ಲಿ ಹೋಗಿ ಬರುತ್ತೇನೆ ಅಂದೆ. "ದನಿ ಹೋಗೇತಲ್ಲ, ಇನ್ನ ನೀ ಯಾಕ ಹೋಗ್ತಿ?" ಅಂದರು ಅತ್ತೆ. ತಮಾಷೆಗೇ ಅಂದದ್ದು. ನಾನೂ ನಕ್ಕೆ. ಆಮೇಲೆ ಇನ್ನೊಂದು ಸಲ ಕೇಳಲಿಲ್ಲ.

ಫೋನಿನ ಸಂಗತಿ ನಿನಗೆ ಗೊತ್ತೇ ಇದೆ. ಇವರ ಫೋನಿಗೆ ಗಿರಾಕಿಗಳ ಕರೆ ಬಂದಾಗಲೆಲ್ಲ ನಡುವೆ ಕೂಗು ನಿಂತುಹೋಗುತ್ತದೆ ಅಂತ ನನ್ನ ಫೋನು ಕಾಯಂ ಗಾಡಿಗೆ ಹೋಯಿತು, ಅದರಿಂದಲೇ ಸೆಟ್ಟಿಗೆ ದನಿ ಹೋಗುವುದು. ನೀನು ತಿಳಿಯದೆ ನನ್ನ ನಂಬರಿಗೆ ಮಾಡಿದೆ. ಇವರು ಕೈ ತಪ್ಪಿ ಎತ್ತಿದರು. ಸುರಪುರದ ಓಣಿಯ ನಡುವೆ ಹಾರ್ನಿನಲ್ಲಿ ನಿನ್ನ ದನಿ ಬಂತು: "ಯವ್ವಾ ಸುಂದ್ರೀ, ಕೂಸಿನ ಭೇದಿ ನಿಂತ್ವೇನ? ಮಜ್ಜಿಗಿ ಕುಡೀಬ್ಯಾಡ ನೀನು!" ಉಳ್ಳಾಗಡ್ಡಿ ಆರಿಸುತ್ತಿದ್ದ ಹೆಂಗಸರೆಲ್ಲ ಕೂಸಿಗೆ ಮದ್ದು ಹೇಳಿ ಕಳಿಸಿದರಂತೆ. ಇವರಿಗೆ ನಗುವೂ ಬಂತು, ಮುಖವೂ ಸಣ್ಣದಾಯಿತು. ಅಂದಿನಿಂದ ಫೋನಿನ ಮೇಲೆ ವಿಮಾನದ ಗುರುತು ಒತ್ತಿಡುತ್ತಾರೆ. ಅದನ್ನು ಒತ್ತಿದರೆ ಹೊರಗಿನ ಯಾವ ಕರೆಯೂ ಒಳಗೆ ಬರುವುದಿಲ್ಲ, ಒಳಗಿರುವ ದನಿ ಮಾತ್ರ ಹೊರಗೆ ಹೋಗುತ್ತಿರುತ್ತದೆ. ಸಂಜೆ ಇವರ ಫೋನಿನಿಂದ ನಿನಗೆ ಹಚ್ಚಿ ಕೊಡುವಾಗ ಎಲ್ಲರೂ ಕೇಳಲಿ ಅಂತ ಸ್ಪೀಕರ್ ಹಾಕಿ ನಡುಮನೆಯಲ್ಲಿಡುತ್ತಾರೆ. ನೀನು ಆರಾಮ ಅನ್ನುತ್ತೀ, ನಾನು ಆರಾಮ ಅನ್ನುತ್ತೇನೆ. ಪಕ್ಕದಲ್ಲಿ ಅತ್ತೆ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತಿರುತ್ತಾರೆ. ಅದಕ್ಕೇ ಈ ಕಾಗದ.

ನಾನು ಆರಾಮ ಇಲ್ಲ ಅವ್ವಾ. ನಿದ್ದೆ ಬರುವುದಿಲ್ಲ. ಕೂಸು ಏಳುತ್ತದೆ ಅಂತ ಅಲ್ಲ, ಪಾಪ ಅದು ಚೆನ್ನಾಗಿಯೇ ಮಲಗುತ್ತದೆ. ಅದು ಮಲಗಿದರೆ ನನಗೆ ಹೆದರಿಕೆ. ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುತ್ತೇನೆ, ಬೆರಳು ತೆಗೆದ ಕೂಡಲೇ ಮತ್ತೆ ಇಡಬೇಕೆನಿಸುತ್ತದೆ. ಹಿತ್ತಲಿನಾಚೆ ಕಾಲುವೆಗೆ ನೀರು ಬಿಟ್ಟಿದ್ದಾರೆ. ನನ್ನನ್ನು ಇಲ್ಲಿಗೆ ಕೊಡುವಾಗ ಮಗಳಿಗೆ ಕೊಡ ಹೊರುವುದು ತಪ್ಪಿತು ಅಂತ ನೀನು ಹಿಗ್ಗಿದ್ದೆಯಲ್ಲ, ಅದೇ ಕಾಲುವೆ. ಅದರ ಸದ್ದು ಈಗ ನನ್ನ ತಲೆಯೊಳಗೇ ಹರಿಯುತ್ತದೆ. ಹಗಲು ಹೊತ್ತಿನಲ್ಲಿ ಹಂಚಿನ ಮೇಲಿನ ರೊಟ್ಟಿ ಕರಿಯಾಗುವುದನ್ನು ಕಣ್ಣು ಬಿಟ್ಟುಕೊಂಡೇ ನೋಡುತ್ತ ಕೂತಿರುತ್ತೇನೆ, ಹೊಗೆ ಬಂದು ಅತ್ತೆ ಕೂಗಿದ ಮೇಲೆ ಅದು ರೊಟ್ಟಿ ಅಂತ ತಿಳಿಯುತ್ತದೆ. "ನಾವೇನ್ ಹಡದಿಲ್ಲೇನವ್ವಾ? ಹಡದ ಮ್ಯಾಲ ಕೂಸಿನ್ನ ಬದುವಿನ್ಯಾಗ ಹಾಕಿ ಕಳಿ ತಗದೀನಿ" ಅನ್ನುತ್ತಾರೆ. ತೆಗೆದಿರಬೇಕು. ಅವರು ಕೆಟ್ಟವರಲ್ಲ, ಇವರಂತೂ ಅಲ್ಲವೇ ಅಲ್ಲ. ಯಾರನ್ನು ದೂರಲಿ ಅಂತ ಹುಡುಕಿದರೆ ಯಾರೂ ಸಿಗುವುದಿಲ್ಲ. ಬಾಗಿಲು ತೆರೆದೇ ಇರುತ್ತದೆ, ಹೋಗಲು ಆಗುವುದಿಲ್ಲ, ಅಷ್ಟೇ.

ಕಳೆದ ತಿಂಗಳು ಇವರು ಬಟಾಟಿ ಬಿಟ್ಟು ಹಸಿಮೆಣಸಿನಕಾಯಿ ತರಲು ಶುರು ಮಾಡಿದಾಗ ಕೂಗನ್ನು ಹೊಸದಾಗಿ ಹೇಳಿಸಿದರು. ನಾನು ಅವೇ ಮಾತು ಹೇಳಿದೆ. ಗಾಡಿಯಲ್ಲಿ ಹಾಕಿ ಕೇಳಿದರು, ಮುಖ ಕಿವುಚಿದರು. "ಇದ್ಯಾಕೋ ಸತ್ತಂಗ ಬಂದೈತಲ್ಲ" ಅಂತ ಬಾಸ್ ಇಳಿಸಿದರು, ಟ್ರೆಬಲ್ ಏರಿಸಿದರು, ಮತ್ತೆ ಬಾಸ್ ಏರಿಸಿದರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಒಂದು ಸಲ ತಿರುಗಿ ನನ್ನ ಮುಖ ನೋಡಲಿ ಅಂತ ಕಾದೆ. ಅವರು ಚಾಂದಪಾಶಾನಿಗೆ ಫೋನು ಮಾಡಿ, ಸ್ಪೀಕರಿಗೆ ಏನೋ ಆಗಿರಬೇಕು ಅಂದರು. ಅವನು ಹಳೆಯ ದನಿ ಹಾಕಿ ನೋಡಿರಿ ಅಂದ. ಹಳೆಯದು ಗಂಟೆಯ ಹಾಗೆ ಬಂತು. "ಸ್ಪೀಕರ್ ಚಲೋ ಅದಾವ. ಹಳೇದೇ ಇರ್ಲಿ, ಮೆಣಸಿನಕಾಯಿ ನಾನೇ ಬಾಯಿಲೆ ಒದರತೀನಿ" ಅಂದು ಹೊಸದನ್ನು ಅಳಿಸಿಬಿಟ್ಟರು. ಅವ್ವಾ, ನೀನು ಸಂತೆಯಲ್ಲಿ ಕೇಳಿ ಸಮಾಧಾನಪಟ್ಟದ್ದು ಆ ಹಳೆಯ ದನಿಯನ್ನು. ಅದು ಐದು ತಿಂಗಳು ನಿನ್ನ ಮನೆಯಲ್ಲಿ ಉಂಡು ಮಲಗಿ ಬಂದವಳ ದನಿ. ಸೈದಾಪುರದಲ್ಲಿ ಅಂಬ್ರಣ್ಣನೂ ಅದನ್ನೇ ಕೇಳಿ ಗೆಳೆಯರಿಗೆ ನಮ್ಮ ತಂಗಿ ಅಂತ ತೋರಿಸಿದನಂತೆ. ಸಂಜೆ ಗಾಡಿ ಕೂಗುತ್ತ ಓಣಿಗೆ ತಿರುಗಿದರೆ ಕೂಸು ಕಾಲು ಬಡಿದು ಬಾಗಿಲ ಕಡೆ ಹೊರಳುತ್ತದೆ. ನಾನು ಹಿಂದಿನಿಂದ ಅವೇ ಮಾತಿನಲ್ಲಿ ಕರೆಯುತ್ತೇನೆ, ನನ್ನ ಕಡೆ ತಿರುಗುವುದಿಲ್ಲ.

ನಾನೇ ಬಸ್ಸು ಹತ್ತಿ ಬರಬಹುದಲ್ಲ ಅನ್ನಬೇಡ. ತವರಿನವರು ಕರೆಯಲು ಬಾರದೆ ಹೆಣ್ಣುಮಗಳು ಚೀಲ ಹಿಡಿದು ಹೊರಟರೆ ಜಗಳಾಡಿ ಹೋದಳು ಅನ್ನುತ್ತಾರೆ, ಆಮೇಲೆ ತಿರುಗಿ ಬರುವ ದಾರಿಯೂ ಕಷ್ಟವಾಗುತ್ತದೆ. ಪಂಚಮಿಗೆ ನೀನು ಬರುತ್ತೀ ಅಂತ ಕೂಸಿನ ಬಟ್ಟೆಗಳನ್ನು ಮಡಚಿಟ್ಟಿದ್ದೆ. ಗಾಡಿಯಿಂದ ಉಂಡಿಯ ಡಬ್ಬಿ ಇಳಿಯಿತು.

ಈ ಕಾಗದವನ್ನು ಬಳೆ ಮಾರುವ ಖಾಸಿಂಬೀ ತರುತ್ತಾಳೆ. ಮೊಹರಂ ಮುಗಿಸಿ ನಾಳೆ ನಿಮ್ಮ ಕೆಂಭಾವಿಗೆ ಹೊರಟಿದ್ದಾಳೆ. ಮೊನ್ನೆ ನನ್ನ ಕೈ ಹಿಡಿದು, "ಏನ್ ಬೇಟಿ, ಬಳಿ ತೊಡಸೂದ ಬ್ಯಾಡ, ಕೈ ಇಳಿಬಿಟ್ರ ತಾವ ಉದರ್ತಾವ. ಅಮ್ಮಾಗ ಹೇಳೀಯಿಲ್ಲೋ?" ಅಂದಳು. ಅವಳಿಗೆ ಚಹಾ ಕೊಡು, ಬರಿಗೈಯಲ್ಲಿ ಕಳಿಸಬೇಡ. ಪಕ್ಕದ ಮನೆಯವರಿಗೆ, ಅಂಗನವಾಡಿಯ ಮಕ್ಕಳಿಗೆ ನನ್ನ ನೆನಪು ಹೇಳು. ಕೂಸಿಗೆ ಕೆಳಗೆ ಎರಡು ಹಲ್ಲು ಬಂದಿವೆ, ನಿನ್ನನ್ನು ಕಚ್ಚಲು ಕಾಯುತ್ತಿದೆ. ಎಣ್ಣೆ ಹಚ್ಚಿಕೋ. ನಿನ್ನ ಕಾಲಿಗೆ ಬೀಳುತ್ತೇನೆ.

ನಿನ್ನ ಮಗಳು,
ಸುಂದ್ರಿ

ವಿ.ಸೂ.: ಕಾಗದ ಒಯ್ಯಲು ಖಾಸಿಂಬೀ ಈಗಲೇ ಬಾಗಿಲಿಗೆ ಬಂದಿದ್ದಾಳೆ, ಮಡಚಿದ ಕಾಗದ ಮತ್ತೆ ಬಿಚ್ಚಿದೆ. ಮೇಲೆ ಇದನ್ನು ಬರೆಯಲು ಕೈ ಬರಲಿಲ್ಲ. ಸೋಮವಾರ ಮಧ್ಯಾಹ್ನ ಕೂಸನ್ನು ಎತ್ತಿಕೊಂಡು ಕಾಲುವೆಯ ಮೆಟ್ಟಿಲ ಮೇಲೆ ನಿಂತಿದ್ದೆ. ಮನೆಯಿಂದ ಅಲ್ಲಿಗೆ ನಡೆದದ್ದು ನೆನಪಿಲ್ಲ. "ಒಗ್ಯಾಕ ಬಂದೀಯೇನವ್ವಾ? ಅರಿವಿ ಎಲ್ಲಿ?" ಅಂತ ಒಬ್ಬಾಕೆ ಕೇಳಿದಾಗ ಕಾಲ ಬೆರಳಿಗೆ ನೀರು ತಾಗುತ್ತಿರುವುದು ಗೊತ್ತಾಯಿತು. ಕೆಟ್ಟ ವಿಚಾರ ಇರಲಿಲ್ಲ ಅವ್ವಾ. ಯಾವ ವಿಚಾರವೂ ಇರಲಿಲ್ಲ, ಅದಕ್ಕೇ ಹೆದರಿದ್ದೇನೆ. ಈ ಸಂತೆಗೆ ಗಾಡಿ ಬಂದಾಗ ನಾಲ್ಕು ಜನರ ಮುಂದೆ ನಿನ್ನ ಅಳಿಯನಿಗೆ ಮಗಳನ್ನು ಕರೆಯಲು ಬರುತ್ತೇನೆ ಅಂತ ಹೇಳು, ಅವರು ಇಲ್ಲ ಅನ್ನುವುದಿಲ್ಲ. ಮುಂದಿನ ಸೀಟು ಇಕ್ಕಟ್ಟು, ಮೊಣಕಾಲು ನೋಯುತ್ತದೆ, ಇದೊಂದು ಸಲ ತಡೆದುಕೋ. ಹತ್ತಿದ ಕೂಡಲೇ ಸೆಟ್ ಬಂದ್ ಮಾಡಿಸು. ದಿನಾ ಈ ಓಣಿಗೆ ಗಾಡಿ ಕೂಗುತ್ತಲೇ ತಿರುಗುತ್ತದೆ. ಅವತ್ತು ಸುಮ್ಮನೆ ಬಂತೆಂದರೆ ಒಳಗೆ ನೀನಿದ್ದೀ ಅಂತ ತಿಳಿದು, ಕೂಸನ್ನು ಎತ್ತಿಕೊಂಡು ಹೊರಗೆ ಬರುತ್ತೇನೆ.